ಸಾಗರದ ಅಂಗಳದಲ್ಲಿ ಅಂಜೂರ ಹುಳಿಯುವುದೇಕೆ? ಯಾವ ಊರಿಗೆ ಯಾವ ತಳಿ?

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ತಂಗಿಯನ್ನು ಹೊಸಪೇಟೆ ಕಡೆ ಕೊಟ್ಟಿದೆ. ಅವಳ ಹಿತ್ತಲಿನ ಅಂಜೂರದ ಗಿಡ ಬುಟ್ಟಿಗಟ್ಟಲೆ ಹಣ್ಣು ಕೊಡುತ್ತದೆ. ಅದರದೇ ಕಡ್ಡಿ ತಂದು ನಮ್ಮ ಅಂಗಳದಲ್ಲಿ ನೆಟ್ಟು ನಾಲ್ಕು ವರ್ಷ ಆಯಿತು. ಗಿಡ ಸೊಂಪಾಗಿದೆ, ಗೋಬರ್ ಗ್ಯಾಸಿನ ಸ್ಲರಿ ತಪ್ಪದೆ ಹಾಕುತ್ತೇನೆ. ಆದರೆ ಜುಲೈನಲ್ಲಿ ಕಾಯಿ ಉಬ್ಬಿ ಇನ್ನೇನು ಹಣ್ಣಾಗಬೇಕು ಅನ್ನುವಾಗ ಬಿರಿದು, ಹುಳಿ ವಾಸನೆ ಬಂದು ಉದುರುತ್ತದೆ. ಎಲೆಯ ಅಡಿ ತುಕ್ಕಿನಂತೆ ಕಂದು ಪುಡಿ. ಆಗಸ್ಟ್ ಹೊತ್ತಿಗೆ ಗಿಡ ಬೋಳು. ಗಂಡು ಗಿಡ ಇಲ್ಲದ್ದಕ್ಕೆ ಹೀಗೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಬೇರು ಗೋಡೆ ಒಡೆಯುತ್ತದೆ, ಕಡಿಸು ಅಂತ ಮಾವ ಹೇಳುತ್ತಾರೆ. ನರ್ಸರಿಯವರು ಇದನ್ನು ಕಿತ್ತು ಡಯಾನಾ ಹಾಕಿ, ಇಲ್ಲ ಟರ್ಕಿ ಹಾಕಿ ಎನ್ನುತ್ತಾರೆ. ಮಗ ಬೆಂಗಳೂರಿನ ಫ್ಲಾಟಿನಲ್ಲಿ, ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಇದ್ದಾರೆ. ಇಬ್ಬರೂ ಇದರ ಕಡ್ಡಿ ಕೇಳುತ್ತಿದ್ದಾರೆ. ಕೊಡಬಹುದೇ? ನಮಗೆ ಯಾವ ತಳಿ ಸರಿ?

ಉತ್ತರ: ನಿಮ್ಮ ಗಿಡದಲ್ಲಿ ದೋಷ ಇಲ್ಲ. ತಂಗಿಯ ಮನೆಯ ಗಿಡಕ್ಕೂ ನಿಮ್ಮದಕ್ಕೂ ತಳಿಯಲ್ಲಿ ವ್ಯತ್ಯಾಸವೇ ಇಲ್ಲ, ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ನಕಲು. ಬೇರೆಯಾಗಿರುವುದು ಹಣ್ಣು ಮಾಗುವ ತಿಂಗಳಲ್ಲಿ ಎರಡು ಊರಿನ ಆಕಾಶ. ಬಳ್ಳಾರಿ, ಹೊಸಪೇಟೆ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 500 ರಿಂದ 600 ಮಿಲಿಮೀಟರ್. ಅದರಲ್ಲೂ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಿಮ್ಮ ತಾಲ್ಲೂಕಿನ ಘಟ್ಟದ ಅಂಚಿನ ಊರುಗಳಲ್ಲಿ ಅಷ್ಟು ಮಳೆ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ. ಅಂಜೂರಕ್ಕೆ ಇದಕ್ಕಿಂತ ಕೆಟ್ಟ ತಿಂಗಳು ಇಲ್ಲ.

ಯಾಕೆ ಅಂದರೆ, ಅಂಜೂರದ ಹಣ್ಣು ಒಳಗೆ ಪೊಳ್ಳು. ನೂರಾರು ಸಣ್ಣ ಹೂಗಳು ಆ ಪೊಳ್ಳಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ. ಹೂವೇ ಬಿಡದೆ ಕಾಯಿ ಆಯಿತು ಎಂದು ನಮಗೆ ಅನಿಸುವುದು ಇದಕ್ಕೇ. ಹಣ್ಣಿನ ತುದಿಯಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ. ಹಣ್ಣು ಮಾಗುತ್ತಾ ಬಂದಂತೆ ಕಿಂಡಿ ಸಡಿಲವಾಗುತ್ತದೆ, ಒಳಗೆ ಸಕ್ಕರೆ ತುಂಬುತ್ತದೆ. ಆ ಹೊತ್ತಿಗೆ ಮಳೆ ಹಿಡಿದರೆ ಎರಡು ಕಡೆಯಿಂದ ಪೆಟ್ಟು. ಬೇರು ಒಮ್ಮೆಲೇ ನೀರು ಹೀರಿ ಹಣ್ಣು ಉಬ್ಬುತ್ತದೆ, ತೆಳು ಸಿಪ್ಪೆ ತಡೆಯಲಾರದೆ ಬಿರಿಯುತ್ತದೆ. ಕಿಂಡಿಯಿಂದ ಸಣ್ಣ ನೊಣ, ಜೀರುಂಡೆ ನುಗ್ಗುತ್ತವೆ. ಅವು ತಂದ ಯೀಸ್ಟು ಸಕ್ಕರೆಯನ್ನು ಹುಳಿಸುತ್ತದೆ. ನಿಮಗೆ ಬರುವ ವಾಸನೆ ಅದರದ್ದೇ.

ಎಲೆಯ ಅಡಿಯ ಕಂದು ಪುಡಿ ತುಕ್ಕು ರೋಗ, ಒಂದು ಬಗೆಯ ಶಿಲೀಂಧ್ರ. ತೇವ ಇದ್ದಷ್ಟೂ ಅದಕ್ಕೆ ಹಬ್ಬ. ಸ್ವಲ್ಪ ಮಟ್ಟಿಗೆ ಬಂದರೆ ಗಿಡ ತಾಳಿಕೊಳ್ಳುತ್ತದೆ. ಆದರೆ ಜುಲೈನಲ್ಲೇ ಎಲೆ ಪೂರ್ತಿ ಉದುರಿದರೆ ಕಾಯಿಗೆ ಸಿಹಿ ಕಟ್ಟಿಕೊಡುವವರು ಯಾರೂ ಉಳಿಯುವುದಿಲ್ಲ. ನಿಮ್ಮಲ್ಲಿ ಬಿರಿಯದೆ ಉಳಿದ ನಾಲ್ಕಾರು ಹಣ್ಣು ಕೂಡ ಸಪ್ಪೆ ಇರುತ್ತವೆ, ಅಲ್ವಾ?

ಇನ್ನು ಗಂಡು ಗಿಡದ ಮಾತು. ಇದನ್ನು ಕೇಳದ ತಿಂಗಳಿಲ್ಲ. ಅದರಲ್ಲಿ ಒಂದು ಚೂರು ನಿಜ ಇದೆ, ಆದರೆ ಅದು ನಿಮ್ಮ ಗಿಡಕ್ಕೆ ಸಂಬಂಧಿಸಿದ್ದಲ್ಲ. ಅಂಜೂರದಲ್ಲಿ ಸ್ಮಿರ್ನಾ ಎಂಬ ಗುಂಪು ಇದೆ. ಟರ್ಕಿ ದೇಶದಿಂದ ಬರುವ ದೊಡ್ಡ ಒಣ ಅಂಜೂರ ಬಹುಪಾಲು ಈ ಗುಂಪಿನದು. ಇವಕ್ಕೆ ಕಾಡು ಅಂಜೂರದ ಗಂಡು ಗಿಡವೂ ಬೇಕು, ಅದರಿಂದ ಪರಾಗ ಹೊತ್ತು ಕಿಂಡಿಯೊಳಗೆ ನುಸುಳುವ ಒಂದು ಪುಟ್ಟ ಕಣಜವೂ ಬೇಕು. ಕ್ಯಾಲಿಫೋರ್ನಿಯಾದವರು ಸ್ಮಿರ್ನಾ ಗಿಡ ತಂದು ನೆಟ್ಟು, ವರ್ಷಗಟ್ಟಲೆ ಕಾಯಿ ಉದುರುವುದನ್ನು ನೋಡಿ, ಕೊನೆಗೆ 1899ರಲ್ಲಿ ಆ ಕಣಜವನ್ನೇ ತರಿಸಿ ನೆಲೆಗೊಳಿಸಬೇಕಾಯಿತು. ನಮ್ಮಲ್ಲಿ ಬೆಳೆಯುವ ಪುಣೆ, ಬಳ್ಳಾರಿ, ಡಯಾನಾ, ಬ್ರೌನ್ ಟರ್ಕಿ ಎಲ್ಲವೂ ಸಾಮಾನ್ಯ ಅಂಜೂರದ ಗುಂಪಿನವು. ಪರಾಗ ಇಲ್ಲದೆಯೇ ಹಣ್ಣು ಕಟ್ಟುತ್ತವೆ. ಒಂದೇ ಗಿಡ ಸಾಕು.

ಇದರ ಬೆನ್ನಿಗೇ ಇನ್ನೊಂದು ಅಂಜಿಕೆ ಇರುತ್ತದೆ: ಅಂಜೂರ ತಿಂದರೆ ಒಳಗಿನ ಹುಳ ತಿಂದಂತೆ ಎಂದು. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಎಂಬ ಗಾದೆ ಅತ್ತಿಗೆ ಸರಿ. ಅತ್ತಿಗೆ ಅದರದೇ ಕಣಜ ಇದೆ, ಅದು ಹಣ್ಣಿನೊಳಗೇ ಮೊಟ್ಟೆ ಇಟ್ಟು ಬೆಳೆಯುತ್ತದೆ. ಆ ಕಣಜ ಅಂಜೂರವನ್ನು ಮೂಸುವುದಿಲ್ಲ. ನಿಮ್ಮ ಗಿಡದ ಹಣ್ಣಿನಲ್ಲಿ ಹುಳ ಕಂಡರೆ ಅದು ಹುಳಿತ ಹಣ್ಣಿಗೆ ಹೊರಗಿನಿಂದ ಬಂದದ್ದು. ಅಂಗಡಿಯ ಒಣ ಅಂಜೂರದ ಬೀಜ ಮೊಳಕೆ ಬರಿಸಿ ಗಿಡ ಮಾಡುವ ಆಸೆ ಇದ್ದರೆ ಅದನ್ನೂ ಬಿಡಿ. ಆ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು ಕಾಡು ಅಂಜೂರ ಆಗುತ್ತವೆ. ಉಳಿದವು ಕಣಜ ಇಲ್ಲದ ನಮ್ಮ ಊರಲ್ಲಿ ಕಾಯಿ ಉದುರಿಸುತ್ತಾ ನಿಲ್ಲುವುದೇ ಜಾಸ್ತಿ.

ಈಗ ತಳಿ. ಮಳೆ ಸೀಮೆಗೆ ಅಂಜೂರ ಆರಿಸುವಾಗ ಹಣ್ಣು ಎಷ್ಟು ದೊಡ್ಡದು, ಎಷ್ಟು ಕೆಂಪು ಎಂದು ನೋಡಬೇಡಿ. ಕಿಂಡಿ ಎಷ್ಟು ಬಿಗಿ, ಎಲೆ ತುಕ್ಕನ್ನು ಎಷ್ಟು ತಾಳುತ್ತದೆ ಎಂದು ಕೇಳಿ. ಈ ಎರಡು ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ನರ್ಸರಿಯವರು ಯಾವ ಹೆಸರು ಹೇಳಿದರೂ ಅದರಿಂದ ನಿಮಗೆ ಉಪಯೋಗ ಇಲ್ಲ.

ನಿಮ್ಮ ಗಿಡದ್ದು ಗಂಟೆಯಾಕಾರದ ಹಣ್ಣು, ತಿಳಿ ನೇರಳೆ ಸಿಪ್ಪೆ, ಗುಲಾಬಿ ತಿರುಳು ಆಗಿದ್ದರೆ ಪುಣೆ ಜಾತಿಯದೇ ಇರಬೇಕು. ರುಚಿಯಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಸಿಪ್ಪೆ ತೆಳು, ತುಕ್ಕಿಗೆ ಬೇಗ ಬಗ್ಗುತ್ತದೆ. ಬಿಸಿಲ ಸೀಮೆಯ ಮಗು ಅದು. ಬಳ್ಳಾರಿ, ಕೊಪ್ಪಳ, ರಾಯಚೂರು, ಕಲಬುರಗಿ, ವಿಜಯಪುರದವರು ಇದನ್ನೋ ಬಳ್ಳಾರಿ ಎಂದು ಸಿಗುವುದನ್ನೋ ಕಣ್ಣು ಮುಚ್ಚಿ ಹಾಕಬಹುದು. ಮೈಸೂರು ಸೀಮೆಯಲ್ಲಿ ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹಿಂದಿನಿಂದಲೂ ಹೆಸರಿದೆ. ಅಲ್ಲೂ ಮಳೆ ಹದ, ಮಣ್ಣು ನೀರು ಬಸಿಯುವಂಥದ್ದು.

ಡಯಾನಾ ಹಣ್ಣು ದೊಡ್ಡದು, ಹಳದಿ ಮಿಶ್ರಿತ ಹಸಿರು. ಹಣ್ಣಾದರೂ ಕೆಂಪಾಗದ್ದರಿಂದ ಹಕ್ಕಿಗಳ ಕಾಟ ಸ್ವಲ್ಪ ಕಡಿಮೆ. ಈಗ ನಮ್ಮ ಒಣಭೂಮಿಯ ತೋಟಗಳಲ್ಲಿ ಇದು ಬಹಳ ಕಾಣುತ್ತದೆ. ನಿಮ್ಮ ಜುಲೈಗೆ ಮಾತ್ರ ಇದು ಪರಿಹಾರ ಅಲ್ಲ. ದೊಡ್ಡ ಹಣ್ಣು ಬಿರಿದರೆ ದೊಡ್ಡದಾಗಿಯೇ ಬಿರಿಯುತ್ತದೆ. ನರ್ಸರಿಯಲ್ಲಿ ಟರ್ಕಿ ಎಂದು ಕೊಡುವುದು ಬ್ರೌನ್ ಟರ್ಕಿ. ಟರ್ಕಿಯ ಒಣ ಅಂಜೂರದ ತಳಿ ಬೇರೆ, ಇದು ಬೇರೆ. ಸಿಹಿ ಮಧ್ಯಮ, ಹೊಂದಿಕೊಳ್ಳುವ ಗುಣ ಜಾಸ್ತಿ. ಎಷ್ಟೇ ಕತ್ತರಿಸಿದರೂ ಹೊಸ ಚಿಗುರಿನಲ್ಲೇ ಕಾಯಿ ಹಿಡಿಯುತ್ತದೆ. ಬೆಂಗಳೂರು, ಹಾಸನ, ಚಿಕ್ಕಮಗಳೂರಿನ ಬಯಲು ಭಾಗಕ್ಕೆ ನಾನು ಮೊದಲು ಹೇಳುವ ಹೆಸರು ಇದು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ 1956ರಲ್ಲಿ ಬಿಡುಗಡೆಯಾದ ಕೊನಾಡ್ರಿಯಾ ತಳಿಯ ಹಣ್ಣು ಬೇಗ ಹುಳಿಯುವುದಿಲ್ಲ. ಸಿಕ್ಕರೆ ನಿಮ್ಮಂಥ ಊರಿನಲ್ಲಿ ಒಂದು ಗಿಡ ಪರೀಕ್ಷೆಗೆ ಹಾಕಬಹುದು.

ನಿಜವಾಗಿ ಮಳೆಗಾಗಿಯೇ ಆರಿಸಿಕೊಂಡ ಅಂಜೂರಗಳು ಇರುವುದು ಅಮೆರಿಕದ ದಕ್ಷಿಣ ಕರಾವಳಿಯಲ್ಲಿ. ಸೆಲೆಸ್ಟ್ ಎಂಬುದು ಪುಟ್ಟ ಕಂದು ಹಣ್ಣು, ಕಿಂಡಿ ಬಿಗಿಯಾಗಿ ಮುಚ್ಚಿರುತ್ತದೆ. ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯ 1991ರಲ್ಲಿ ಹೊರತಂದ ಎಲ್‌ಎಸ್‌ಯು ಪರ್ಪಲ್ ಎಲೆರೋಗವನ್ನು ಚೆನ್ನಾಗಿ ತಡೆಯುತ್ತದೆ. ಇವು ನಮ್ಮಲ್ಲಿ ಹವ್ಯಾಸಿ ಬೆಳೆಗಾರರ ಕೈಯಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಹಣ ಕೊಡುವ ಮೊದಲು ಹಣ್ಣು ಬಿಟ್ಟಿರುವ ತಾಯಿಗಿಡ ನೋಡಿ. ಹೆಸರು ಬದಲಿಸಿ ಮಾರುವುದು ಅಂಜೂರದಲ್ಲಿ ತೀರಾ ಸಾಮಾನ್ಯ. ಮತ್ತೆ, ಅಲ್ಲಿನ ಮಳೆ ವರ್ಷವಿಡೀ ಹಂಚಿಕೊಂಡು ಬರುತ್ತದೆ. ನಿಮ್ಮ ಹಾಗೆ ಮೂರು ತಿಂಗಳು ಸೂರ್ಯನೇ ಕಾಣದ ಮಳೆಗಾಲ ಅವೂ ನೋಡಿಲ್ಲ. ಆಗುಂಬೆ, ಹೊಸನಗರ, ಮಡಿಕೇರಿ, ಮಂಗಳೂರಿನಲ್ಲಿ ಜುಲೈನಲ್ಲಿ ಹಣ್ಣು ಕೊಡುವ ತಳಿ ಎಂದು ಯಾರಾದರೂ ಮಾರಿದರೆ ನಂಬಬೇಡಿ.

ಹಾಗಾದರೆ ಏನು ಮಾಡುವುದು? ಹಣ್ಣು ಬರುವ ತಿಂಗಳನ್ನೇ ಬದಲಿಸಿ. ಇದನ್ನು ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ರೈತರು ತಲೆಮಾರುಗಳಿಂದ ಮಾಡುತ್ತಾ ಬಂದಿದ್ದಾರೆ. 2016ರಲ್ಲಿ ಭೌಗೋಳಿಕ ಗುರುತು ಪಡೆದದ್ದು ಅವರ ಅಂಜೂರವೇ. ಅವರಲ್ಲಿ ಎರಡು ಫಸಲು. ಮಳೆಗಾಲದ್ದಕ್ಕೆ ಖಟ್ಟಾ ಬಹಾರ್ ಎನ್ನುತ್ತಾರೆ, ಅಂದರೆ ಹುಳಿ ಫಸಲು. ಬೇಸಿಗೆಯದ್ದು ಮೀಠಾ ಬಹಾರ್, ಸಿಹಿ ಫಸಲು. ಗಿಡ ಅದೇ, ರುಚಿ ಬೇರೆ.

ನಿಮ್ಮ ಗಿಡ ಈಗ ಚಳಿಗಾಲದಲ್ಲಿ ಎಲೆ ಉದುರಿಸಿ, ಫೆಬ್ರವರಿ, ಮಾರ್ಚಿನಲ್ಲಿ ಚಿಗುರುತ್ತದೆ. ಅಂಜೂರಕ್ಕೆ ಚಿಗುರಿನಿಂದ ಹಣ್ಣಿಗೆ ಸುಮಾರು ನಾಲ್ಕರಿಂದ ಐದು ತಿಂಗಳು. ಲೆಕ್ಕ ಹಾಕಿ, ನೇರ ಜುಲೈಗೆ ಬಂದು ನಿಲ್ಲುತ್ತದೆ. ಅದನ್ನು ಅಕ್ಟೋಬರಿನಲ್ಲಿ ಚಿಗುರುವಂತೆ ಮಾಡಿದರೆ ಹಣ್ಣು ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಬರುತ್ತದೆ. ಆಗ ನಿಮ್ಮ ಅಂಗಳದ ಬಿಸಿಲಿಗೂ ಹೊಸಪೇಟೆಯ ಬಿಸಿಲಿಗೂ ಅಂಜೂರದ ಮಟ್ಟಿಗೆ ಅಷ್ಟೇನೂ ಅಂತರ ಇರುವುದಿಲ್ಲ.

ಮಳೆ ಬಿಟ್ಟು ಎರಡು ವಾರ ಒಣಹವೆ ಸಿಕ್ಕ ಮೇಲೆ, ಅಂದರೆ ಅಕ್ಟೋಬರ್ ನಡುವಿನ ಹೊತ್ತಿಗೆ, ಗಿಡ ಸವರಿ. ಮಂಡಿ ಎತ್ತರದಲ್ಲಿ ಕವಲೊಡೆದ ಮೂರು ನಾಲ್ಕು ದಪ್ಪ ಕೊಂಬೆ ಉಳಿಸಿಕೊಳ್ಳಿ. ಅವುಗಳ ಮೇಲೆ ಕಳೆದ ವರ್ಷ ಬೆಳೆದ ರೆಂಬೆಗಳನ್ನು ಮೂರು ನಾಲ್ಕು ಕಣ್ಣು ಬಿಟ್ಟು ಕತ್ತರಿಸಿ. ಒಣಗಿದ್ದು, ಒಳಮುಖವಾಗಿ ಬೆಳೆದದ್ದು ತೆಗೆಯಿರಿ. ಉದುರಿದ ಎಲೆಯನ್ನೆಲ್ಲ ಗುಡಿಸಿ ಸುಟ್ಟುಬಿಡಿ, ತುಕ್ಕಿನ ಬೀಜ ಅದರಲ್ಲೇ ಇರುತ್ತದೆ. ಬೋಳು ಗಿಡಕ್ಕೆ ಶೇಕಡ 1ರ ಬೋರ್ಡೋ ಹೊಡೆಯಿರಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 10 ಲೀಟರ್ ನೀರು. ಅಡಿಕೆಗೆ ಕೊಳೆ ಔಷಧಿ ಹೊಡೆಯುವವರ ಮನೆಯಲ್ಲಿ ಇದನ್ನು ಕಲಿಸುವ ಅಗತ್ಯ ಇಲ್ಲ. ಹೊಸ ಎಳೆ ಚಿಗುರಿನ ಮೇಲೆ ಮಾತ್ರ ಬೇಡ, ಸುಡುತ್ತದೆ. ಮೇ ಕೊನೆಯಲ್ಲಿ ಹಣ್ಣು ಮುಗಿದ ಮೇಲೆ ಬಲಿತ ಎಲೆಗೆ, ಅದರಲ್ಲೂ ಎಲೆಯ ಅಡಿಗೆ, ಇನ್ನೊಮ್ಮೆ ಹೊಡೆದರೆ ಆಗಸ್ಟಿನವರೆಗಾದರೂ ಎಲೆ ನಿಲ್ಲುತ್ತದೆ.

ಇದರಲ್ಲೂ ಅಪಾಯ ಇದೆ. ಮೊದಲ ವರ್ಷ ಗಿಡ ಗೊಂದಲಕ್ಕೆ ಬಿದ್ದು ಕಾಯಿ ಕಡಿಮೆ ಹಿಡಿಯಬಹುದು. ತುಕ್ಕಿನಿಂದ ಸೊರಗಿದ ಗಿಡವನ್ನು ಜೋರಾಗಿ ಕತ್ತರಿಸಿದರೆ ಒಂದೆರಡು ಕೊಂಬೆ ಒಣಗಲೂಬಹುದು. ಹಾಗಾಗಿ ಈ ಸಲ ಅರ್ಧ ಗಿಡ ಮಾತ್ರ ಸವರಿ, ಉಳಿದದ್ದು ಮುಂದಿನ ಅಕ್ಟೋಬರಿಗೆ. ಏಪ್ರಿಲ್ ಕೊನೆಯ ಗುಡುಗು ಮಳೆ ಕೊನೆಯ ಕೊಯ್ಲನ್ನು ಕೆಡಿಸಬಹುದು. ಅದಕ್ಕೆ ಉಪಾಯ ಇಲ್ಲ.

ಸ್ಲರಿ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ನಿಲ್ಲಿಸಿ. ಗಿಡ ಸೊಂಪಾಗಿದೆ ಎಂದು ಬರೆದಿದ್ದೀರಿ. ಆ ಸೊಂಪು ಸಾರಜನಕದ್ದು. ಎಲೆ ಅಗಲ ಆಗುತ್ತದೆ, ರೆಂಬೆ ಮೆತ್ತಗೆ ಉದ್ದ ಓಡುತ್ತದೆ, ತುಕ್ಕು ಅಂಥ ಎಳಸು ಎಲೆಯನ್ನೇ ಹುಡುಕಿಕೊಂಡು ಬರುತ್ತದೆ, ಕಾಯಿ ಕಡಿಮೆ. ಸವರಿದ ಕೂಡಲೇ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, ಎರಡು ಹಿಡಿ ಬೂದಿ. ವರ್ಷಕ್ಕೆ ಅಷ್ಟು ಸಾಕು. ಬುಡಕ್ಕೆ ದರಗು ಹೊದಿಸಿ. ನವೆಂಬರಿನಿಂದ ವಾರಕ್ಕೆ ಎರಡು ಸಲ ಹದವಾಗಿ ನೀರು ಕೊಡಿ, ಹಣ್ಣು ಬಣ್ಣ ತಿರುಗುವಾಗ ಕಡಿಮೆ ಮಾಡಿ. ನಾಲ್ಕು ದಿನ ಮರೆತು ಐದನೇ ದಿನ ಪೈಪ್ ಬಿಟ್ಟು ತೋಯಿಸಿದರೆ ಬೇಸಿಗೆಯಲ್ಲೂ ಹಣ್ಣು ಬಿರಿಯುತ್ತದೆ. ಬುಡದಲ್ಲಿ ನೀರು ನಿಲ್ಲುವ ಜಾಗವಾದರೆ ಮಳೆಗಾಲಕ್ಕೆ ಮೊದಲು ಸುತ್ತ ಚರಂಡಿ ತೆಗೆಸಿ.

ಹೀಗೆ ಅಕ್ಟೋಬರ್ ಲೆಕ್ಕಕ್ಕೆ ಬಂದ ಮೇಲೂ ಮಳೆಗಾಲದಲ್ಲಿ ಗಿಡ ಪದೇ ಪದೇ ಸೊರಗಿದರೆ ದಾರಿ ಒಂದೇ, ಡ್ರಮ್ಮು. ಇದೇ ಗಿಡದ ಕಡ್ಡಿಯನ್ನು 100 ಲೀಟರಿನ ಡ್ರಮ್ಮಿನಲ್ಲಿ, ತಳಕ್ಕೆ ತೂತು ಹೊಡೆದು ನೆಡಿ. ಅಡಿಕೆ ಒಣಗಿಸುವ ಪಾಲಿಹೌಸ್ ಮಳೆಗಾಲದಲ್ಲಿ ಖಾಲಿ ಇರುತ್ತದೆ. ಬದಿಯ ಶೀಟು ಎತ್ತಿ ಗಾಳಿ ಆಡುವಂತೆ ಮಾಡಿ ಡ್ರಮ್ಮನ್ನು ಅಲ್ಲಿಗೆ ಸರಿಸಿ. ಎಲೆ ಒದ್ದೆ ಆಗದಿದ್ದರೆ ತುಕ್ಕಿನ ಮುಕ್ಕಾಲು ಪಾಲು ಮುಗಿದಂತೆ. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಹೊರಗೆ ತಂದು ಸವರಿ. ಡ್ರಮ್ಮಿನ ಭಾರ ಮಾತ್ರ ಯೋಚಿಸಿ, ಇಬ್ಬರು ಗಂಡಾಳು ಬೇಕು.

ಬೆಂಗಳೂರಿನ ಮಗನಿಗೆ ನಿಮ್ಮ ಕಡ್ಡಿ ಧಾರಾಳವಾಗಿ ಕೊಡಿ. ಸವರುವಾಗ ಸಿಗುವ ಬೆರಳು ಗಾತ್ರದ, ಬಲಿತ, ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕಡ್ಡಿ ಆರಿಸಿ. ಮುಕ್ಕಾಲು ಪಾಲು ಮಣ್ಣಿನೊಳಗೆ ಹೂತು ನೆರಳಲ್ಲಿ ಇಟ್ಟರೆ ಎರಡು ತಿಂಗಳಲ್ಲಿ ಬೇರು ಬಿಡುತ್ತದೆ. ಎಲೆಯ ಮೇಲೆ ಹಳದಿ ಮಚ್ಚೆ ಮಚ್ಚೆಯಾಗಿ ಮುರುಟಿಕೊಂಡ ರೆಂಬೆಯಿಂದ ಕಡ್ಡಿ ತೆಗೆಯಬೇಡಿ. ಅದು ಮೊಸಾಯಿಕ್ ನಂಜು, ಕಡ್ಡಿಯ ಜೊತೆಗೇ ಹೋಗುತ್ತದೆ. ಅವನ ಬಾಲ್ಕನಿಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುತ್ತದೆಯೇ ಎಂದು ಮೊದಲು ಕೇಳಿ. ಇಲ್ಲ ಎಂದರೆ ಯಾವ ತಳಿಯಿಂದಲೂ ಹಣ್ಣು ಬರುವುದಿಲ್ಲ, ತಾರಸಿಯಲ್ಲಿ ಜಾಗ ಕೇಳಿಕೊಳ್ಳಲಿ. ಬಿಸಿಲಿದ್ದರೆ 50 ಲೀಟರಿನ ಗ್ರೋಬ್ಯಾಗ್ ಸಾಕು. ಬೆಂಗಳೂರಿನ ಮಳೆ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು. ಅಲ್ಲೂ ಅಕ್ಟೋಬರ್ ಕೊನೆಗೆ ಸವರುವುದೇ ಒಳ್ಳೆಯದು.

ನ್ಯೂಜೆರ್ಸಿಗೆ ಮಾತ್ರ ಕಡ್ಡಿ ಬೇಡ. ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡುವ ಕಡ್ಡಿಯನ್ನು ಅಮೆರಿಕಕ್ಕೆ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ದಂಡವನ್ನೂ ಹಾಕಬಹುದು. ಒಯ್ದರೂ ಅಲ್ಲಿ ಈ ಗಿಡಕ್ಕೆ ಬಾಳಿಲ್ಲ. ನಮ್ಮಲ್ಲಿ ಮಳೆ ನೋಡಿ ತಳಿ ಆರಿಸಿದರೆ ಅಲ್ಲಿ ಚಳಿ ಮತ್ತು ಬೇಸಿಗೆಯ ಉದ್ದ ನೋಡಬೇಕು. ಎಲೆ ಉದುರಿಸಿ ಮಲಗಿದ ಬಲಿತ ಅಂಜೂರ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿನವರೆಗೆ ತಾಳಿಕೊಳ್ಳಬಹುದು. ಅದಕ್ಕಿಂತ ಕೆಳಗೆ ಹೋದರೆ ಮಣ್ಣಿನ ಮೇಲಿನ ಭಾಗ ಸಾಯುತ್ತದೆ, ನ್ಯೂಜೆರ್ಸಿಯಲ್ಲಿ ಅಂಥ ರಾತ್ರಿಗಳು ಬರುತ್ತವೆ. ಚಿಕಾಗೊ ಹಾರ್ಡಿ ಎಂಬ ತಳಿ ಹಾಗೆ ಸತ್ತರೂ ಬುಡದಿಂದ ಚಿಗುರಿ, ಆ ಚಿಗುರಿನಲ್ಲೇ ಅದೇ ವರ್ಷ ಹಣ್ಣು ಕೊಡುತ್ತದೆ. ಮಗಳಿಗೆ ಅದನ್ನೇ ಹೇಳಿ. ಸೆಲೆಸ್ಟ್ ಕೂಡ ಚಳಿ ತಾಳುತ್ತದೆ, ಆದರೆ ಕೊಂಬೆ ಸತ್ತ ವರ್ಷ ಹಣ್ಣು ಕಡಿಮೆ. ಮನೆಯ ದಕ್ಷಿಣದ ಗೋಡೆಗೆ ತಾಗಿ ನೆಡಲಿ, ಬಿಸಿಲ ಕಾವು ಅಲ್ಲಿ ನಿಲ್ಲುತ್ತದೆ. ಆ ಕಡೆ ಇಟಲಿಯಿಂದ ಬಂದು ನೆಲೆಸಿದ ಕುಟುಂಬಗಳು ಚಳಿಗಾಲಕ್ಕೆ ಅಂಜೂರದ ಗಿಡವನ್ನು ಗೋಣಿ ಸುತ್ತಿ ಕಟ್ಟುವುದು, ಕೆಲವರು ಗಿಡವನ್ನು ಬಾಗಿಸಿ ಗುಂಡಿಯಲ್ಲಿ ಹೂಳುವುದು ಹಳೆಯ ರೂಢಿ. ಅಷ್ಟು ಕಷ್ಟ ಬೇಡ ಅಂದರೆ ಕುಂಡದಲ್ಲಿ ಬೆಳೆಸಿ, ಎಲೆ ಉದುರಿದ ಮೇಲೆ ಕಾರ್ ಶೆಡ್ಡಿನೊಳಗೆ ಇಡಲಿ. ತಿಂಗಳಿಗೊಮ್ಮೆ ಒಂದು ಲೋಟ ನೀರು ಸಾಕು.

ನಿಮ್ಮ ಬಂಧುಗಳಲ್ಲಿ ಸಿಯಾಟಲ್, ಲಂಡನ್ ಕಡೆ ಇರುವವರಿಗೆ ತೊಂದರೆ ಬೇರೆ. ಅಲ್ಲಿ ಚಳಿಗಿಂತ ತಂಪು ಬೇಸಿಗೆಯೇ ಅಡ್ಡಿ, ಹೊಸ ಚಿಗುರಿನ ಕಾಯಿ ಮಾಗುವಷ್ಟು ಕಾವು ಸಾಲುವುದಿಲ್ಲ. ಸಿಯಾಟಲ್ಲಿನವರು ಡೆಸರ್ಟ್ ಕಿಂಗ್ ಇಷ್ಟಪಡುತ್ತಾರೆ. ಅದು ಹಿಂದಿನ ವರ್ಷದ ರೆಂಬೆಯಲ್ಲೇ ಬೇಗ ಹಣ್ಣು ಕೊಡುತ್ತದೆ. ಅದನ್ನು ನಮ್ಮ ಹಾಗೆ ಸವರಿದರೆ ಫಸಲೇ ಹೋಯಿತು. ಲಂಡನ್ನಿನವರಿಗೆ ಗೋಡೆಯ ಬದಿಯ ಬ್ರೌನ್ ಟರ್ಕಿ. ದುಬೈ ಕಡೆಯವರಿಗೆ ಒಣಹವೆ ಅನುಕೂಲವೇ. ಅಂಜೂರ ಸ್ವಲ್ಪ ಉಪ್ಪು ನೀರನ್ನೂ ತಾಳುತ್ತದೆ. ಆದರೆ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹಣ್ಣು ಅಕಾಲಕ್ಕೆ ಮಾಗಿ ಸಿಪ್ಪೆ ಚರ್ಮದಂತೆ ಗಟ್ಟಿಯಾಗುತ್ತದೆ, ಮಧ್ಯಾಹ್ನದ ನೆರಳು ಬೇಕು.

ಮಾವನವರ ಮಾತಿಗೆ ಬರುತ್ತೇನೆ. ಆಲ, ಅರಳಿಯ ಕುಲವೇ ಆದ್ದರಿಂದ ಅವರ ಅಂಜಿಕೆ ಸಹಜ. ಅಂಜೂರ ಗೋಡೆಯ ಬಿರುಕಿನಲ್ಲಿ ಹುಟ್ಟಿ ಕಟ್ಟಡ ಸೀಳುವ ಗಿಡ ಅಲ್ಲ. ಆದರೆ ಬೇರು ಅಗಲಕ್ಕೆ ಹರಡುತ್ತದೆ, ತೇವ ಇದ್ದಲ್ಲಿಗೆ ಹೋಗುತ್ತದೆ. ಬಚ್ಚಲ ನೀರಿನ ಪೈಪು, ನೀರಿನ ಸಂಪು, ಶೌಚದ ಗುಂಡಿಯಿಂದ ಹತ್ತು ಅಡಿಯಾದರೂ ದೂರ ಇರಬೇಕು. ನಿಮ್ಮ ಗಿಡ ಎಷ್ಟು ದೂರದಲ್ಲಿದೆ ಎಂದು ಬರೆದಿಲ್ಲ. ಹತ್ತಿರ ಇದ್ದರೆ ಕಡಿಸುವ ಮೊದಲು ಕಡ್ಡಿಯಿಂದ ಸಸಿ ಮಾಡಿಕೊಂಡು ದೂರ ನೆಡಿ. ದೂರ ಇದ್ದರೆ ಅವರಿಗೆ ಧೈರ್ಯ ಹೇಳಿ.

ಸವರುವ ದಿನ ತುಂಬು ತೋಳಿನ ಅಂಗಿ, ಕೈಗವಸು ಹಾಕಿಕೊಳ್ಳಿ. ಅಂಜೂರದ ಹಾಲು ಮೈಗೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಸಂಜೆ ಹೊತ್ತು ಸವರಿ, ಸೋಪು ಹಾಕಿ ತೊಳೆದುಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಫೆಬ್ರವರಿಯಲ್ಲಿ ಕಾಯಿ ಉಬ್ಬಿದ ಮೇಲೆ ಬಲೆ ಕಟ್ಟಿ, ನಿಮ್ಮಲ್ಲಿ ಬಾವಲಿ ಜಾಸ್ತಿ. ಹಣ್ಣಿನ ಕುತ್ತಿಗೆ ಬಗ್ಗಿ, ಹಣ್ಣು ಜೋತುಬಿದ್ದ ಮೇಲೆ ಕೊಯ್ಯಿರಿ. ಬೇಗ ಕೊಯ್ದದ್ದು ಡಬ್ಬಿಯಲ್ಲಿ ಮೆತ್ತಗಾಗುತ್ತದೆಯೇ ಹೊರತು ಸಿಹಿ ಆಗುವುದಿಲ್ಲ.